ಕೊಂಬು ಮುಳುಗುವಷ್ಟು

ಕಬಾಲೆಯಲ್ಲಿ ಬೆಳಗಿನ ಆರಕ್ಕೆ
ಕಣಿವೆಯ ಮಂಜು ಇನ್ನೂ ಎದ್ದಿರುವುದಿಲ್ಲ,
ಕ್ಯಾರಿಸೀಮಾ ಎದ್ದಿರುತ್ತಾಳೆ.
ಕಟುನಾ ರಸ್ತೆಯ ತಿರುವಿನಲ್ಲಿ, ನೀಲಗಿರಿ ಮರದ ಕೆಳಗೆ
ಒಂದು ತಗಡು, ಒಂದು ಪಂಪು,
ನೀರು ತುಂಬಿದ ಹಳದಿ ಬೋಗುಣಿ.
ಎದುರಿಗೆ ನಮ್ಮ ಸಾಲು, ಹದಿನಾಲ್ಕು ಬೋಡಾ ಬೈಕು,
ಜಾಕೆಟ್ಟಿನೊಳಗೆ ಕೈ ಹುದುಗಿಸಿಕೊಂಡ ಹದಿನಾಲ್ಕು ಜನ.

"ಓಡಿಸಿಕೊಂಡು ಬಂದೆಯಾ, ತಳ್ಳಿಕೊಂಡು ಬಂದೆಯಾ?"
ಮೊದಲ ಪ್ರಶ್ನೆ ಯಾವಾಗಲೂ ಅದೇ.
ಓಡಿ ಬಂದ ಚಕ್ರ ಸುಳ್ಳು ಹೇಳುತ್ತದಂತೆ,
ಬಿಸಿಗೆ ಉಬ್ಬಿಕೊಂಡು ಹೊಟ್ಟೆ ತುಂಬಿದೆ ಅನ್ನುತ್ತದಂತೆ.
ತಣ್ಣಗಿದ್ದಾಗಲೇ ಕೇಳಬೇಕು.
ಹೆಬ್ಬೆರಳಲ್ಲಿ ಒತ್ತಿ, ಸಾಕು ಬಿಡು ಎಂದರೆ ನಗುತ್ತಾಳೆ:
"ಬೆಣ್ಣೆಹಣ್ಣು ಕೊಳ್ಳೋಕೆ ಬಂದಿದ್ದೀಯಾ?"

ಗೇಜು ಚುಚ್ಚಿದಳು. ಮುಂದೆ ಇಪ್ಪತ್ತೈದು.
ಹಿಂದೆ ಹತ್ತೊಂಬತ್ತು.
"ಹತ್ತೊಂಬತ್ತರಲ್ಲಿ ನಿನ್ನೆ ಏನೇನು ಹೊತ್ತೆ?"
ಹೇಳಿದೆ. ಅವಳಿಗೆ ಹೇಳಲೇಬೇಕು:
ಎರಡು ಮೂಟೆ ಆಲೂಗಡ್ಡೆ,
ಮೂಟೆಯ ಮೇಲೆ ಮೂಟೆಯ ಒಡತಿ,
ಒಡತಿಯ ಬೆನ್ನಿಗೆ ಮಗು.
ಅವಳು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.
ತನ್ನೆರಡು ಅಂಗೈ ನನ್ನ ಮುಂದೆ ಚಾಚಿದಳು, ಗ್ರೀಸು ಮೆತ್ತಿದವು.
"ಇಷ್ಟೇ ಕಣೋ. ಎರಡು ಚಕ್ರ ಸೇರಿಸಿದರೂ
ನೆಲ ಮುಟ್ಟೋದು ಇಷ್ಟಗಲ ಕೂಡ ಇಲ್ಲ.
ಆ ಮಗು ಕೂತಿದ್ದದ್ದು ಇದರ ಮೇಲೆ."

ಸೊಂಟದ ಗಂಟಿನಿಂದ ನಾಣ್ಯ ಬಿಚ್ಚಿದಳು,
ನೂರು ಶಿಲ್ಲಿಂಗಿನದು, ಉದ್ದ ಕೊಂಬಿನ ದನ ಇರುವಂಥದು.
ತಲೆಕೆಳಗು ಮಾಡಿ ಟೈರಿನ ಗೀರಿಗೆ ಇಳಿಸಿ ನೋಡುವುದು ಅವಳ ಲೆಕ್ಕ:
ಕೊಂಬು ಮುಳುಗಿದರೆ ಹೋಗಿ ಬಾ,
ಕೊಂಬು ಕಂಡರೆ ಇಳಿದು ಬಾ.
ನನ್ನ ಟೈರಿನಲ್ಲಿ ಆ ದನಕ್ಕೆ
ಕೊಂಬಿನ ತುದಿಯೂ ನೆನೆಯಲಿಲ್ಲ.

"ಬ್ಲೇಡಿನಲ್ಲಿ ಗೀರು ಕೊರೆದುಕೊಡು," ಎಂದೆ.
"ಆಚೆ ಬದಿಯ ಬ್ಯಾಮುಕಾಮಾ ಎರಡು ಸಾವಿರಕ್ಕೆ ಕೊರೀತಾನೆ.
ಹೊಸದರ ಹಾಗೇ ಕಾಣುತ್ತೆ."
"ಕಾಣುತ್ತೆ," ಅಂದಳು.
"ನಾನೂ ಕೊರೀತಿದ್ದೆ. ಮೂರು ವರ್ಷ.
ಕ್ಯಾರಿಸೀಮಾಳ ಗೀರು ಗೆರೆ ಎಳೆದ ಹಾಗೆ ಅಂತಿದ್ದರು."
ಆಮೇಲೆ ಪಂಪಿನ ಹಿಡಿ ಎತ್ತಿ ಇಳಿಸಿದಳು,
ಕೊಳವೆ ಯಾವುದಕ್ಕೂ ಸಿಕ್ಕಿಸಿರಲಿಲ್ಲ.
ಎತ್ತಿ ಇಳಿಸಿದಳು.
ಬರೀ ಗಾಳಿ ಬಂತು.
ಹದಿನಾಲ್ಕು ಜನರಲ್ಲಿ ಒಬ್ಬನೂ ಕೇಳಲಿಲ್ಲ ಯಾರು, ಯಾವ ತಿರುವು ಅಂತ.

ತೊಂಬತ್ತು ಸಾವಿರ, ವಾರಕ್ಕೆ ಹತ್ತರಂತೆ.
ಹೊಸ ಟೈರಿನ ಕೆನ್ನೆ ತಿರುಗಿಸಿ ನಾಲ್ಕು ಅಂಕಿ ಓದಿದಳು,
ಮೊದಲೆರಡು ವಾರ, ಕೊನೆಯೆರಡು ವರ್ಷ:
"ಗೋದಾಮಲ್ಲೇ ಮುದಿಯಾಗಿರೋದನ್ನ ಹೊಸದು ಅಂತ ಮಾರ್ತಾರೆ, ನೋಡಿ ತಗೋ."
ಬಾಣದ ಗುರುತು ಓಟದ ಕಡೆಗೆ ಇಟ್ಟಳು.
ಹಳೆಯ ಟ್ಯೂಬನ್ನು ಬೋಗುಣಿಯಲ್ಲಿ ಅದ್ದಿ
ಗುಳ್ಳೆ ಏಳುವುದನ್ನು ಕಾದಳು, ಉಸಿರು ಹಿಡಿದು,
ಒಂದೂ ಏಳದಿದ್ದಾಗ ತಾನು ಉಸಿರು ಬಿಟ್ಟಳು.
"ಮೈಗೆ ಇನ್ನೂ ಮೇಣ ಮೆತ್ತಿದೆ, ಜಾರುತ್ತೆ.
ಎರಡು ದಿನ ತಿರುವಲ್ಲಿ ವಾಲಬೇಡ. ಶೋಕಿ ಆಮೇಲೆ."

ಬೋಳು ಟೈರು ಅವಳದೇ. ಹಿಂದಕ್ಕೆ ಕೊಡುವುದಿಲ್ಲ.
ಐದು ಸಾವಿರ ಮುರಿದುಕೊಂಡು
ನನ್ನ ಕಣ್ಣೆದುರೇ ಚಾಕು ಹಾಕಿದಳು
(ಇಲ್ಲದಿದ್ದರೆ ಸಂಜೆಗೆ ಬ್ಯಾಮುಕಾಮಾನ ಕೈಲಿರುತ್ತದೆ ಅದು).
ನೆಲದ ಮೇಲೆ ನನ್ನ ಪಾದ ಇಡಿಸಿ ಸುತ್ತ ಸೀಮೆಸುಣ್ಣ ಎಳೆದಳು,
ಕೊಯ್ದಳು, ಪಟ್ಟಿ ಹೊಡೆದಳು.
ಲುಗಬಿರೆ ಜೋಡು. ಮೊಳೆ ಆರು.

ಭಾನುವಾರ ಅದನ್ನೇ ಮೆಟ್ಟಿ ಇಗರ್ಜಿಗೆ ಹೊರಟೆ.
ರಾತ್ರಿ ಮಳೆಯಾಗಿತ್ತು, ಇಳಿಜಾರು ಕೆಂಪಗೆ ನುಣ್ಣಗಿತ್ತು.
ನನ್ನ ಹಳೆಯ ಟೈರು
ನನ್ನ ಕಾಲ ಕೆಳಗೇ ನೆಲ ಬಿಟ್ಟಿತು.
ಎರಡು ಮಾರು ಜಾರಿ ಕೂತೆ.
ಎದ್ದು ಮೊಣಕಾಲು ಒರೆಸಿಕೊಂಡೆ,
ತಿರುಗಿ ನೋಡಿದೆ, ಅಭ್ಯಾಸ.
ಹಿಂದೆ ಯಾರೂ ಕೂತಿರಲಿಲ್ಲ.